ಹದಿನಾಲ್ಕನೇ ರೂಟಿನ ಬೋರ್ಡು

ತೀರಿಕೊಂಡ ಎಫ್ರಾಯಿನ್‌ನ ಬಟ್ಟೆಗಳನ್ನು ಪದ್ಧತಿಯಂತೆ ಹೊಳೆಯಲ್ಲಿ ಒಗೆದು, ಹರಿದವನ್ನು ದಡದಲ್ಲೇ ಸುಟ್ಟು, ಬಂದಿದ್ದ ನೆಂಟರೆಲ್ಲ ಐದನೇ ದಿನದ ಊಟ ಮುಗಿಸಿ ತಮ್ಮ ತಮ್ಮ ಊರಿನ ಬಸ್ಸು ಹತ್ತಿದರು. ಆರನೆಯ ದಿನ ಬೆಳಗಾಯಿತು. ಆ ಬೆಳಗಿನಲ್ಲಿ ಯಾರೂ ಅಳಲಿಲ್ಲ. ಅತ್ತೆ ಫೌಸ್ತಿನಾ ಎಂದಿನಂತೆ ಮೆಕ್ಕೆಜೋಳದ ಹಂಡೆಯನ್ನು ಒಲೆಯಿಂದ ಇಳಿಸಿ ನೀರು ಬಸಿಯುತ್ತಿದ್ದಳು. ನಾದಿನಿ ನಿಲ್ದಾ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದಳು. ಮಾರ್ಲೇನಿ ಬಾಗಿಲಲ್ಲಿ ನಿಂತಿದ್ದಳು. ಅಂಗಳದ ತಂತಿಯ ಮೇಲೆ ಗಂಡನ ಎರಡು ಅಂಗಿಗಳು ಇನ್ನೂ ಒಣಗಿರಲಿಲ್ಲ. ತೆಗೆಯಬೇಕೋ ಬಿಡಬೇಕೋ ತಿಳಿಯದೆ ಅವಳು ಅವನ್ನು ಹಾಗೇ ಬಿಟ್ಟಳು.

"ಸೂಪು ಆರ್ತಾ ಇದೆ, ಕುಡಿ," ಎಂದಳು ಫೌಸ್ತಿನಾ. "ಶಾಲೆ ಇದ್ಯಾ ಇವತ್ತು?"

"ಸೋಮವಾರದಿಂದ ಬನ್ನಿ ಅಂದಿದಾರೆ, ಅತ್ತೆ."

"ಮನೇಲಿ ಕೂತು ಗೋಡೆ ನೋಡ್ತೀಯಾ? ಇವತ್ತೇ ಹೋಗು. ಮಕ್ಕಳು ಗಲಾಟೆನಾದ್ರೂ ಮಾಡ್ತವೆ."

ಮಾರ್ಲೇನಿ ಆಯಾಕುಚೊ ನಗರದ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದವಳು. ಗುಡ್ಡದ ಮೇಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದಳು. ಎಫ್ರಾಯಿನ್ ಹದಿನಾಲ್ಕನೇ ರೂಟಿನ ವ್ಯಾನಿನಲ್ಲಿ ಕಂಡಕ್ಟರನಾಗಿದ್ದ. ಅವಳು ಕಾಲೇಜಿಗೆ ದಿನವೂ ಹೋಗುತ್ತಿದ್ದದ್ದು ಆ ವ್ಯಾನಿನಲ್ಲೇ. ನಿಲ್ದಾಣಗಳ ಹೆಸರನ್ನು ಒಂದೇ ಉಸಿರಿಗೆ ಕೂಗುತ್ತಾ ಬಾಗಿಲಿಗೆ ನೇತುಬೀಳುತ್ತಿದ್ದವನು, ಕಳೆದ ವಾರ ಸರ್ಕಲ್ಲಿನ ತಿರುವಿನಲ್ಲಿ ಅದೇ ಬಾಗಿಲಿನಿಂದ ಕೈ ಜಾರಿ ಬಿದ್ದ. ಇಪ್ಪತ್ತೊಂಬತ್ತು ವರ್ಷ.

ಫೌಸ್ತಿನಾ ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ಅಡುಗೆಮನೆಯ ಗೋಡೆಯ ಮುಂದೆ ಹೋಗಿ ನಿಂತಳು. ಅಲ್ಲಿ ಮೊಳೆಗೆ ತೂಗುಹಾಕಿದ್ದ ತಗಡಿನ ಬೋರ್ಡು ವ್ಯಾನಿನ ಮುಂಗಾಜಿನಿಂದ ತೆಗೆದ ಹಳೆಯದು. ಅಂಚು ತುಕ್ಕು ಹಿಡಿದಿತ್ತು, ನೀಲಿ ಅಕ್ಷರಗಳು ಮಾತ್ರ ಗಟ್ಟಿಯಾಗಿದ್ದವು. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹತ್ತು ನಿಮಿಷ ಎಫ್ರಾಯಿನ್ ತಾಯಿಯನ್ನು ಅದರ ಮುಂದೆ ನಿಲ್ಲಿಸಿ ಓದು ಕಲಿಸುತ್ತಿದ್ದ. ಮಾರ್ಲೇನಿ ಆ ಹೊತ್ತಿಗೆ ಮೊದಲ ವ್ಯಾನಿಗೆ ಹೊರಟುಬಿಡುತ್ತಿದ್ದಳು. ಅಂಗಳ ದಾಟುವಾಗ ಒಳಗಿಂದ ಕೇಳಿಬರುತ್ತಿದ್ದ ತಾಯಿ ಮಗನ ನಗು ಮಾತ್ರ ಅವಳಿಗೆ ಗೊತ್ತಿತ್ತು.

ಫೌಸ್ತಿನಾ ಬೆರಳಿಟ್ಟು ಓದಿದಳು. "ಸೇತುವೆ. ಸರ್ಕಲ್. ಮಾರ್ಕೆಟ್. ಆಸ್ಪತ್ರೆ. ಸ್ಮಶಾನ. ಟರ್ಮಿನಲ್." ತಿರುಗಿ ನಿಂತಳು. "ನೋಡಿದ್ಯಾ? ಒಂದೂ ಮರೆತಿಲ್ಲ. ಪಾದ್ರಿಗಳಿಗೆ ಹೇಳಿಬಿಟ್ಟಿದೀನಿ, ಅವನ ತಿಂಗಳ ಪೂಜೆಗೆ ಇಗರ್ಜಿಲಿ ಓದೋದು ನಾನೇ ಅಂತ."

ನಿಲ್ದಾ ಮಂಚದ ಕೆಳಗಿಂದ ತಲೆ ಎತ್ತಿದಳು. "ಅಮ್ಮಾ, ನಿಂಗ್ಯಾಕೆ ಆ ಉಸಾಬರಿ? ಅತ್ತಿಗೆ ಇದಾರಲ್ಲ. ಅಷ್ಟು ವರ್ಷ ಓದಿದ್ದು ಇನ್ಯಾವುದಕ್ಕೆ?"

"ಅವಳು ಓದಿದ್ರೆ ಅದರಲ್ಲೇನಿದೆ? ಯೂನಿವರ್ಸಿಟಿ ಕಲಿಸ್ತು, ಓದಿದ್ಲು. ನಂಗೆ ನಿನ್ನಣ್ಣ ಕಲಿಸಿದಾನೆ. ಇಡೀ ಬಡಾವಣೆ ಕೇಳ್ಲಿ, ಎಫ್ರಾಯಿನ್ ಅವರಮ್ಮಂಗೆ ಅಕ್ಷರ ಕೊಟ್ಟು ಹೋದ ಅಂತ."

ನಿಲ್ದಾ ಮತ್ತೆ ಮಂಚದ ಕೆಳಗೆ ಬಗ್ಗಿದಳು. ಚಪ್ಪಲಿ ಸಿಕ್ಕಿತು. ಕೋಳಿ ಅಂಗಡಿಯ ಏಪ್ರನ್ ಹೆಗಲಿಗೆ ಹಾಕಿಕೊಂಡು ಹೊರಟಳು. ಫೌಸ್ತಿನಾ ಜೋಳದ ಹಂಡೆಗೆ ಕಂಬಳಿ ಸುತ್ತಿ, ಚೀಸಿನ ಡಬ್ಬಿ ಎತ್ತಿಕೊಂಡು ವ್ಯಾನ್ ಸ್ಟ್ಯಾಂಡಿಗೆ ಮಾರಲು ಹೋದಳು. ಮಾರ್ಲೇನಿ ಸೂಪಿನ ಮೇಲೆ ಕಟ್ಟಿದ್ದ ಕೆನೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಕುಡಿದಳು. ಉಪ್ಪು ಹೆಚ್ಚಾಗಿತ್ತು. ತಟ್ಟೆಗಳನ್ನು ತೊಳೆದಿಟ್ಟು ಶಾಲೆಗೆ ಹೋದಳು.

ಮೂರು ದಿನದ ಮೇಲೆ ಇಗರ್ಜಿಯಿಂದ, ಪೂಜೆಯಲ್ಲಿ ಓದಬೇಕಾದ ಬೈಬಲ್ ವಾಕ್ಯಗಳ ಹಾಳೆ ಬಂತು. ಎಂಟು ಸಾಲು. ಸಂಜೆ ನಾಲ್ಕಕ್ಕೆ ಫೌಸ್ತಿನಾ ಖಾಲಿ ಹಂಡೆ ಹೊತ್ತು ಬಂದಾಗ ಮಾರ್ಲೇನಿ ಅದನ್ನು ಅವಳ ಕೈಗೆ ಕೊಟ್ಟಳು. ಫೌಸ್ತಿನಾ ಹಾಳೆಯನ್ನು ಕಿಟಕಿಯ ಕಡೆ ಹಿಡಿದು ಬಹಳ ಹೊತ್ತು ನೋಡಿದಳು.

"ಸಣ್ಣ ಅಕ್ಷರ," ಎಂದಳು.

ಮಾರ್ಲೇನಿ ಸಕ್ಕರೆಯ ಕಾಗದದ ಚೀಲ ಬಿಡಿಸಿ, ಅದರ ಮೇಲೆ ಮೊದಲ ಸಾಲನ್ನು ದೊಡ್ಡದಾಗಿ ಬರೆದುಕೊಟ್ಟಳು.

"ಇದು ಬೇರೆ ಥರ ಇದೆ. ಬೋರ್ಡಲ್ಲಿ ಹೀಗಿಲ್ಲ."

ಒಂದನೇ ತರಗತಿಯ ಟೀಚರಿಗೆ ಅಷ್ಟು ಸಾಕಾಗಿತ್ತು. ಮಾರ್ಲೇನಿ ಬೋರ್ಡಿನ ಮೇಲೆ ಟವೆಲು ಹೊದಿಸಿ ನಡುವಿನ ಒಂದು ಹೆಸರು ಮಾತ್ರ ಕಾಣುವಂತೆ ಬಿಟ್ಟಳು. "ಇದೇನು, ಅತ್ತೆ?"

ಫೌಸ್ತಿನಾಳ ತುಟಿ ಮೊದಲಿನಿಂದ ಆಡತೊಡಗಿತು. ಸೇತುವೆ, ಸರ್ಕಲ್... ಎಷ್ಟನೆಯದು ಎಂದು ತಿಳಿಯದೆ ನಿಂತಿತು. "ಬಟ್ಟೆ ತೆಗಿ. ಓದೋದು ಅಂದ್ರೆ ಮೊದಲಿಂದ ಓದ್ಬೇಕು. ನಡುವೆ ನುಗ್ಗಿದ್ರೆ ಯಾರಿಗೆ ಬರುತ್ತೆ?"

ಮಾರ್ಲೇನಿ ಕಾಗದದ ಮೇಲೆ ಒಂದೇ ಪದ ಬರೆದಳು, ಮಾರ್ಕೆಟ್. ಫೌಸ್ತಿನಾ ಅದನ್ನು ನೋಡಿ ಧೈರ್ಯವಾಗಿ "ಸೇತುವೆ" ಎಂದಳು. ಮೊದಲು ಇರುವುದು ಸೇತುವೆ ತಾನೆ.

"ಅತ್ತೆ, ನಿಮಗೆ ಓದೋಕೆ ಬರಲ್ಲ." ತರಗತಿಯಲ್ಲಿ ಮಗುವಿಗೆ ಹೇಳುವಷ್ಟೇ ಸಮವಾದ ದನಿಯಲ್ಲಿ ಹೇಳಿದಳು. "ಅವನು ಕೂಗೋದನ್ನ ಬಾಯಿಪಾಠ ಮಾಡಿದೀರಿ, ಅಷ್ಟೇ."

ಫೌಸ್ತಿನಾ ಹಂಡೆಯನ್ನು ನೆಲಕ್ಕೆ ಕುಕ್ಕಿದಳು. "ಏನಂದೆ? ಎಂಟು ತಿಂಗಳು ನಿಂತಿದೀನಿ ಈ ಗೋಡೆ ಮುಂದೆ. ಬಂತು ಅಮ್ಮಾ ನಿಂಗೆ, ಬಂತು ಅಂದ ಅವನು. ಸತ್ತೋನು ಸುಳ್ಳ ಅಂತೀಯಾ?"

"ಹಾಗಲ್ಲ ನಾನು ಹೇಳಿದ್ದು."

"ಹಾಗೇ ಹೇಳಿದ್ದು. ಮಣ್ಣಿನ್ನೂ ಒಣಗಿಲ್ಲ, ಟೀಚರಮ್ಮ ಮಾರ್ಕ್ಸ್ ಹಾಕೋಕೆ ಕೂತುಬಿಟ್ಲು!"

ರಾತ್ರಿಯ ಊಟಕ್ಕೆ ಆಲೂಗಡ್ಡೆ ಬೇಯಿಸಿದ್ದರು. ಫೌಸ್ತಿನಾ ನಿಲ್ದಾಳ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಬಡಿಸಿಕೊಂಡಳು, ಪಾತ್ರೆಯನ್ನು ಸೊಸೆಯ ಕಡೆ ಸುಮ್ಮನೆ ತಳ್ಳಿದಳು. ನಿಲ್ದಾ ಇಬ್ಬರ ಮುಖವನ್ನೂ ನೋಡಿದಳು. "ಇವತ್ತು ಯಾರು ಗೆದ್ರು?" ಎಂದು ಕೇಳಿದಳು. ಮಾರ್ಲೇನಿ ತಾನೇ ಬಡಿಸಿಕೊಂಡಳು.

ಮರುದಿನ ಸಂಜೆ ಫೌಸ್ತಿನಾ ತಾನಾಗಿಯೇ ಬಂದು ಕಾಗದ, ಪೆನ್ಸಿಲ್ಲುಗಳನ್ನು ಮೇಜಿನ ಮೇಲಿಟ್ಟಳು. "ಇನ್ನು ಎಷ್ಟು ದಿನ ಇದೆ?"

"ಹತ್ತೊಂಬತ್ತು."

"ಹತ್ತೊಂಬತ್ತು ದಿನದಲ್ಲಿ ಎಂಟು ಸಾಲು. ಕಲಿಸ್ತೀಯಾ ಇಲ್ವಾ?"

ಮಾರ್ಲೇನಿ ಕಲಿಸಲು ಕೂತಳು. ದಿನವೂ ನಾಲ್ಕರಿಂದ ಐದೂವರೆಯವರೆಗೆ, ಮೇಜಿನ ಒಂದು ತುದಿಯಲ್ಲಿ ಸಿಪ್ಪೆ ಬಿಡಲೆಂದು ಮರುದಿನದ ಜೋಳಕ್ಕೆ ಬೂದಿ ಕಲಸಿಟ್ಟು, ಇನ್ನೊಂದು ತುದಿಯಲ್ಲಿ ಅಕ್ಷರಗಳು. ಫೌಸ್ತಿನಾಳ ಬೆರಳು ಪೆನ್ಸಿಲ್ಲನ್ನು ಸೌದೆಯ ಹಾಗೆ ಹಿಡಿಯುತ್ತಿತ್ತು. ಮೊದಲ ವಾರ ನಾಲ್ಕು ಅಕ್ಷರ ಬಂದವು. ಎರಡನೇ ವಾರ ಇನ್ನೆರಡು ಬರುವ ಹೊತ್ತಿಗೆ ಮೊದಲಿನ ಮೂರು ಹೋದವು.

"ಇದು ಯಾವುದು, ಅತ್ತೆ?"

"ನಿನ್ನೆ ಗೊತ್ತಿತ್ತು."

"ನಿಧಾನವಾಗಿ ನೋಡಿ. ಹಿಂದಿನ ಪದದಲ್ಲೂ ಇದೇ ಇದೆ."

"ಮಾತನ್ನ ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚಿ ಹೆಚ್ಚಿ ಇಡ್ತೀಯಲ್ಲ, ಕಣ್ಣು ಉರಿಯೋದು ಬಿಟ್ರೆ ಏನೂ ಬರಲ್ಲ ಇದ್ರಲ್ಲಿ. ಅವನು ಹೀಗೆ ಮಾಡ್ತಿರಲಿಲ್ಲ."

"ಹೇಗೆ ಮಾಡ್ತಿದ್ದ?"

"ನನ್ನ ಬೆರಳು ಹಿಡ್ಕೊಂಡು ಇಡ್ತಿದ್ದ. ಹೇಳ್ತಿದ್ದ. ನಾನೂ ಹೇಳ್ತಿದ್ದೆ. ಮುಗೀತು."

"ಬೋರ್ಡು ಬಿಟ್ಟು ಬೇರೆ ಏನಾದ್ರೂ ಓದಿಸಿದ್ನಾ? ಪೇಪರ್ರು, ಗೋಡೆ ಮೇಲಿನ ಬರಹ, ಅಂಗಡಿ ಹೆಸರು?"

ಫೌಸ್ತಿನಾ ಪೆನ್ಸಿಲ್ಲು ಕೆಳಗಿಟ್ಟು ಜೋಳದ ಬೂದಿಗೆ ಕೈ ಹಾಕಿದಳು. "ಅವನಿಗೆಲ್ಲಿ ಪುರುಸೊತ್ತು," ಎಂದಳು.

ಆ ಮಾತು ಮುಗಿಯಿತು ಎಂದುಕೊಂಡು ಮಾರ್ಲೇನಿ ಪಾತ್ರೆ ತೊಳೆಯಲು ಎದ್ದಳು. ತೊಳೆಯುತ್ತಿದ್ದ ಹಾಗೆ ಕೈ ನಿಂತಿತು. ನಾಲ್ಕು ವರ್ಷದಲ್ಲಿ ಎಫ್ರಾಯಿನ್ ಅವಳಿಗೆ ಒಂದು ಚೀಟಿಯನ್ನೂ ಬರೆದಿರಲಿಲ್ಲ. ಹೋಟೆಲಿನಲ್ಲಿ ಪಟ್ಟಿ ತಂದಿಟ್ಟರೆ ಅದನ್ನು ಅವಳ ಕಡೆ ಸರಿಸಿ, "ನಿಂಗೇನೋ ನಂಗೂ ಅದೇ" ಎನ್ನುತ್ತಿದ್ದ. ಅದನ್ನು ಪ್ರೀತಿ ಎಂದು ಗೆಳತಿಯರಿಗೆ ಹೇಳಿಕೊಂಡಿದ್ದಳು. ಕರೆಂಟು ಬಿಲ್ಲು ಬಂದರೆ "ನಿನ್ನ ಕಣ್ಣು ಚುರುಕು" ಎನ್ನುತ್ತಿದ್ದ. ಮದುವೆಯ ರಿಜಿಸ್ಟರಿನಲ್ಲಿ ಅವನ ಸಹಿಗೆ ಎಷ್ಟೊಂದು ಹೊತ್ತು ಹಿಡಿದಿತ್ತು! ನಾಲಿಗೆಯ ತುದಿ ಕಚ್ಚಿಕೊಂಡು, ಚಿತ್ರ ಬರೆಯುವವನ ಹಾಗೆ ಬರೆದಿದ್ದ. ಗಾಬರಿ ಎಂದು ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟ್ಯಾಂಡಿಗೆ ಹೋದಳು. ವ್ಯಾನಿನ ಮಾಲೀಕ ದೊನ್ ತಿಯೋಫಿಲೊ ಬಾನೆಟ್ ತೆರೆದು ನೀರು ಹಾಕುತ್ತಿದ್ದ. ಅವಳನ್ನು ಕಂಡು ಟೋಪಿ ತೆಗೆದ.

"ದೊನ್ ತಿಯೋಫಿಲೊ, ಒಂದು ಕೇಳ್ತೀನಿ. ಎಫ್ರಾಯಿನ್‌ಗೆ ಓದೋಕೆ ಬರ್ತಿತ್ತಾ?"

ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಇದೇನು ಟೀಚರಮ್ಮ, ನಿಮಗೆ ಗೊತ್ತಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಸ್ಟ್ಯಾಂಡಲ್ಲಿ ಎಲ್ರಿಗೂ ಗೊತ್ತು. ರೂಟು ಬದಲಾದಾಗ ಒಂದು ಟ್ರಿಪ್ಪು ನಾನು ಜೊತೇಲಿ ಹೆಸರು ಹೇಳ್ಕೊಂಡು ಹೋಗ್ತಿದ್ದೆ, ಒಂದೇ ಟ್ರಿಪ್ಪಿಗೆ ಹಿಡ್ಕೋತಿದ್ದ. ಭಾರೀ ತಲೆ. ಅವರೂರಲ್ಲಿ ಅವನಿಗೆ ಏಳು ವರ್ಷ ಆದಾಗ, ಬಂಡುಕೋರರ ಗಲಾಟೇಲಿ, ಶಾಲೇಲಿ ಸೈನ್ಯದೋರು ಇಳ್ಕೊಂಡಿದ್ರಲ್ಲ. ಇಲ್ಲಿಗೆ ಓಡಿ ಬಂದಾಗ ಹನ್ನೆರಡು. ಆ ವಯಸ್ಸಲ್ಲಿ ಯಾರು ಪುಟ್ಟ ಮಕ್ಕಳ ಜೊತೆ ಹೋಗಿ ಕೂರ್ತಾರೆ?" ಅವನು ದನಿ ತಗ್ಗಿಸಿದ. "ನೀವೇ ಮನೇಲಿ ಹೇಳ್ಕೊಡ್ತಿದೀರಿ ಅಂದ್ಕೊಂಡಿದ್ವಿ. ಟೀಚರ್ ಹೆಂಡ್ತಿ ಸಿಕ್ಕಿದಾಳೆ, ಇನ್ನೇನು ಬೇಕು ಅಂತ ರೇಗಿಸ್ತಿದ್ವಿ ಅವನ್ನ."

"ಏನಂತಿದ್ದ?"

"ನಗ್ತಿದ್ದ."

ಮನೆಗೆ ನಡೆದೇ ಬಂದಳು. ದಾರಿಯಲ್ಲಿ ಬ್ರೆಡ್ಡು ಕೊಂಡಳು, ಸೋಪು ಕೊಂಡಳು. ಅಳು ಬರಬಹುದೇನೋ ಎಂದು ಕಾದು ನೋಡಿದಳು, ಬರಲಿಲ್ಲ. ಮೇಜಿನ ಮೇಲೆ ಫೌಸ್ತಿನಾ ಆಗಲೇ ಕಾಗದ ಹರಡಿಕೊಂಡು ಕೂತಿದ್ದಳು. ನಿನ್ನೆ ತಿದ್ದಿದ ಅಕ್ಷರವನ್ನು ಮತ್ತೆ ತಲೆಕೆಳಗಾಗಿ ಬರೆದಿದ್ದಳು. ಪೂಜೆಗೆ ಒಂದು ವಾರ ಉಳಿದಿತ್ತು.

ಅತ್ತೆಗೆ ಹೇಳಬಾರದು ಎಂದು ಮಾರ್ಲೇನಿ ನಿಶ್ಚಯಿಸಿದಳು. ಮಗ ತನಗೆ ಏನೋ ಕೊಟ್ಟ ಎಂಬ ಒಂದೇ ಮಾತಿನ ಮೇಲೆ ಈ ಹೆಂಗಸು ಬೆಳಿಗ್ಗೆ ಏಳುತ್ತಿದ್ದಾಳೆ. ಮಾರ್ಲೇನಿ ಕಾಗದಗಳನ್ನೆಲ್ಲ ಒಟ್ಟು ಮಾಡಿ ಪಕ್ಕಕ್ಕಿಟ್ಟು ಇಗರ್ಜಿಯ ಹಾಳೆಯನ್ನು ಮಾತ್ರ ಮುಂದಿಟ್ಟಳು. ಅತ್ತೆಯ ತೋರುಬೆರಳು ಹಿಡಿದು ಮೊದಲ ಪದದ ಮೇಲಿಟ್ಟಳು.

"ನಾನು ಹೇಳ್ತೀನಿ. ನೀವೂ ಹೇಳಿ."

ಫೌಸ್ತಿನಾ ಅವಳ ಮುಖ ನೋಡಿದಳು. "ಅಕ್ಷರ?"

"ಅಕ್ಷರ ಆಮೇಲೆ ನೋಡೋಣ."

"ಈಗ ದಾರಿಗೆ ಬಂದೆ," ಎಂದಳು ಫೌಸ್ತಿನಾ. ಒಂದು ತಿಂಗಳಲ್ಲಿ ಮೊದಲ ಸಲ ಅವಳು ಸೊಸೆಯ ಕೆನ್ನೆ ತಟ್ಟಿದಳು. ಬೂದಿಯ ಕೈ.

ಆರು ದಿನದಲ್ಲಿ ಎಂಟು ಸಾಲೂ ಬಂದವು. ಮೂರು ಸಾಲಿಗೊಮ್ಮೆ ಉಸಿರು ತೆಗೆದುಕೊಳ್ಳುವುದು, ಬೆರಳನ್ನು ಬೇಗ ಓಡಿಸದಿರುವುದು, ಕೊನೆಗೆ ಮುಖ ಎತ್ತಿ "ಇದು ಪ್ರಭುವಿನ ವಾಕ್ಯ" ಎನ್ನುವುದು, ಎಲ್ಲ. ನಿಲ್ದಾ ಕೋಳಿಯ ಪುಕ್ಕ ಅಂಟಿದ ಕೈಯಲ್ಲೇ ಬಾಗಿಲಲ್ಲಿ ನಿಂತು ಕೇಳಿದಳು. "ಅಮ್ಮಾ, ಪಾದ್ರಿಗಳಿಗಿಂತ ಚೆನ್ನಾಗಿ ಓದ್ತೀಯಲ್ಲೇ!"

ಪೂಜೆಯ ದಿನ ಇಗರ್ಜಿಯ ಹೊರಗೆ ಆರು ವ್ಯಾನುಗಳು ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿದ್ದವು. ಚಾಲಕರು, ಕಂಡಕ್ಟರುಗಳು ಹಿಂದಿನ ಬೆಂಚುಗಳಲ್ಲಿ ತಲೆಗೆ ನೀರು ಹಚ್ಚಿ ಬಾಚಿಕೊಂಡು ಕೂತಿದ್ದರು. ಸ್ಟ್ಯಾಂಡಿನ ಹೆಂಗಸರೆಲ್ಲ ಬಂದಿದ್ದರು, ಫೌಸ್ತಿನಾ ಅವರೆಲ್ಲರಿಗೂ ಹೇಳಿದ್ದಳು. ಪಾದ್ರಿ ಕಣ್ಣಲ್ಲೇ ಕರೆದಾಗ ಅವಳು ಹೊಸ ಶಾಲನ್ನು ಸರಿಪಡಿಸಿಕೊಂಡು ಮೇಲೆ ಹೋದಳು. ಹಾಳೆಯನ್ನು ಎರಡೂ ಕೈಯಿಂದ ನೀವಿ, ಬೆರಳಿಟ್ಟಳು.

ಮೊದಲ ಸಾಲು ಬಂತು. ಎರಡು, ಮೂರು. ದನಿ ಗಟ್ಟಿಯಾಗಿತ್ತು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾಲ್ಕನೇ ಸಾಲಿನ ಕೊನೆಯಲ್ಲಿ ಬೆರಳು ನಿಂತಿತು.

ಮುಂದಿನ ಬೆಂಚಿನಿಂದ ಮಾರ್ಲೇನಿ ತುಟಿಯಲ್ಲೇ ಐದನೆಯ ಸಾಲಿನ ಪದವನ್ನು ಹೇಳಿದಳು. ಫೌಸ್ತಿನಾ ನೋಡಲಿಲ್ಲ. ಅವಳು ಹಾಳೆಯನ್ನೇ ನೋಡುತ್ತಿದ್ದಳು. ಓದುವವರು ಹಾಳೆ ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಯಾರೋ ಕೆಮ್ಮಿದರು. ಪಾದ್ರಿ ತಲೆ ಓರೆ ಮಾಡಿದ. ಆಮೇಲೆ ಬೆರಳು ಮತ್ತೆ ಚಲಿಸಿತು, ಅದೇ ನಿಧಾನದಲ್ಲಿ, ಪದದಿಂದ ಪದಕ್ಕೆ.

"ಸೇತುವೆ," ಎಂದಳು ಫೌಸ್ತಿನಾ. "ಸರ್ಕಲ್. ಮಾರ್ಕೆಟ್. ಆಸ್ಪತ್ರೆ."

ಬಲಗಡೆ ಯಾರೋ ಹುಡುಗಿ ಕಿಸಕ್ಕೆಂದಳು, ಅವಳ ಬಾಯಿಗೆ ಯಾರೋ ಕೈ ಒತ್ತಿದರು. ಹಿಂದಿನ ಬೆಂಚುಗಳಲ್ಲಿ ಗಂಡಸರು ತಲೆ ತಗ್ಗಿಸಿದರು.

"ಸ್ಮಶಾನ. ಟರ್ಮಿನಲ್." ಸೊಸೆ ಹೇಳಿಕೊಟ್ಟಂತೆಯೇ ಮುಖ ಎತ್ತಿದಳು. "ಇದು ಪ್ರಭುವಿನ ವಾಕ್ಯ."

"ಪ್ರಭುವೇ, ನಿಮ್ಮನ್ನು ಸ್ತುತಿಸುತ್ತೇವೆ," ಎಂದು ಅಭ್ಯಾಸಬಲದಿಂದ ಇಡೀ ಇಗರ್ಜಿ ಉತ್ತರಿಸಿತು.

ಮನೆಯಲ್ಲಿ ನಲವತ್ತು ಜನಕ್ಕೆ ಊಟ. ಕಡಲೆಕಾಯಿ, ಕೆಂಪು ಮೆಣಸು ಅರೆದು ಹಾಕಿದ ಆಲೂಗಡ್ಡೆಯ ಗಸಿ, ಅನ್ನ, ಹಂದಿಮಾಂಸದ ತುಂಡು. ಫೌಸ್ತಿನಾ ಒಬ್ಬೊಬ್ಬರಿಗೂ ತಾನೇ ಬಡಿಸಿದಳು, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಒತ್ತಾಯಿಸಿದಳು. ಯಾರೂ ಓದಿನ ಮಾತೆತ್ತಲಿಲ್ಲ. ಎಲ್ಲರೂ ಗಸಿಯನ್ನು ಹೊಗಳಿದರು. ಕೊನೆಯ ನೆಂಟ ಹೊರಟ ಮೇಲೆ ಅಡುಗೆಮನೆಯಲ್ಲಿ ನಿಲ್ದಾ ತಟ್ಟೆಗಳ ರಾಶಿಯನ್ನು ತೊಟ್ಟಿಗೆ ಹಾಕಿ ಮಾರ್ಲೇನಿಯ ಕಡೆ ತಿರುಗಿದಳು.

"ಬೇಕು ಅಂತ್ಲೇ ಮಾಡಿದ್ರಿ ನೀವು."

"ನಿಲ್ದಾ..."

"ಏನ್ ನಿಲ್ದಾ? ನಿಮ್ಮ ಶಾಲೆ ಮಕ್ಕಳಿಗೂ ಹೀಗೇ ಗಿಳಿಪಾಠ ಹೇಳ್ಕೊಡ್ತೀರಾ? ಅಕ್ಷರ ಕಲಿಸೋಕೆ ಪುರುಸೊತ್ತಿರಲಿಲ್ಲ ಅಲ್ವಾ ನಮ್ಮಮ್ಮಂಗೆ? ಊರ ಮುಂದೆ ನಗೆಪಾಟಲು ಮಾಡಿಬಿಟ್ರಿ. ಅಣ್ಣ ಕಲಿಸಿದ್ದನ್ನೂ ಕೆಡಿಸಿದ್ರಿ!"

"ನಿನ್ನಣ್ಣನಿಗೇ ಬರ್ತಿರಲಿಲ್ಲ."

ಹೇಳಿಬಿಟ್ಟಿದ್ದಳು. ಮಾರ್ಲೇನಿ ಹೆದರಿ ಅತ್ತೆಯ ಕಡೆ ನೋಡಿದಳು. ಫೌಸ್ತಿನಾ ಮೇಜಿನ ಮೇಲೆ ಚೆಲ್ಲಿದ್ದ ಅನ್ನದ ಅಗುಳುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದಳು. ನಿಲ್ಲಿಸಲಿಲ್ಲ.

"ಗೊತ್ತು," ಎಂದಳು.

"ಅತ್ತೆ?"

"ಹೆತ್ತೋಳು ನಾನು. ಶಾಲೆಗೆ ಹೋಗದೇ ಇದ್ದ ಮಗನಿಗೆ ಓದು ಎಲ್ಲಿಂದ ಬರುತ್ತೆ? ಒಂದಿನ ಆ ತಗಡು ಹೊತ್ಕೊಂಡು ಬಂದ. ಅಮ್ಮಾ, ನಿಂಗೆ ಕಲಿಸ್ತೀನಿ ಬಾ ಅಂದ. ಎಷ್ಟು ಖುಷಿಯಾಗಿದ್ದ! ಬರಲ್ಲ ನಿಂಗೆ ಅಂತ ಹೇಳ್ಲಾ? ನಿಂತ್ಕೊಂಡೆ. ಅವನು ಹೇಳಿದ್ದು ಹೇಳಿದೆ."

ಮಾರ್ಲೇನಿ ಒದ್ದೆ ಬಟ್ಟೆಯನ್ನು ಹಿಂಡಿದಳು, ಮತ್ತೆ ಹಿಂಡಿದಳು. "ನಂಗ್ಯಾಕೆ ಹೇಳ್ಲಿಲ್ಲ ಅವನು? ನಾಲ್ಕು ವರ್ಷ, ಅತ್ತೆ. ಒಂದೇ ಹಾಸಿಗೆ."

"ಹೇಳಿದ್ರೆ ನೀನು ಕಲಿಸೋಕೆ ಕೂತ್ಕೋತಿದ್ದೆ," ಎಂದಳು ಫೌಸ್ತಿನಾ.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅನ್ನದ ಅಗುಳುಗಳನ್ನು ಕೋಳಿಗೆ ಹಾಕಲು ಹೊರಗೆ ಹೋದಳು.

ಸೋಮವಾರ ಬೆಳಿಗ್ಗೆ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಸ್ಟ್ಯಾಂಡಿನಲ್ಲಿ ವ್ಯಾನಿಗೆ ಕಾಯುವಾಗ ಮಾರ್ಲೇನಿ ನೋಡಿದಳು: ಫೌಸ್ತಿನಾ ಬೋರ್ಡನ್ನು ಬೋರಲು ಹಾಕಿ ಜೋಳದ ಹಂಡೆಗೆ ಮುಚ್ಚಳ ಮಾಡಿದ್ದಳು. ಆವಿಗೆ ತಗಡು ಬೆವರುತ್ತಿತ್ತು. "ಕಂಬಳಿಗಿಂತ ಚೆನ್ನಾಗಿ ಬಿಸಿ ನಿಲ್ಲುತ್ತೆ," ಎಂದಳು ಫೌಸ್ತಿನಾ, ಸೊಸೆ ಕೇಳದಿದ್ದರೂ.

ಅದೇ ವಾರ ದೊನ್ ತಿಯೋಫಿಲೊ ಹೊಸ ಕಂಡಕ್ಟರನನ್ನು ತೆಗೆದುಕೊಂಡ. ಸೀಟಿನ ಕೆಳಗಿದ್ದ ಎಫ್ರಾಯಿನ್‌ನ ಸಾಮಾನುಗಳನ್ನು ಒಂದು ಚೀಲಕ್ಕೆ ಹಾಕಿ ಮಾರ್ಲೇನಿಗೆ ಕೊಟ್ಟ. ಬಾಚಣಿಗೆ, ಮುಖ ಒರೆಸುವ ಟವೆಲು, ಅರ್ಧ ಪೊಟ್ಟಣ ಬಿಸ್ಕತ್ತು. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದನೇ ತರಗತಿಯ ಪುಸ್ತಕ. ಒಳಹೊದಿಕೆಯ ಮೇಲೆ ಎರವಲು ಕೊಟ್ಟವರ ಮೊಹರು, ತಾರೀಕು ಇದ್ದವು. ಮಾರುಕಟ್ಟೆಯ ಹಿಂದೆ ಹಳೆಯ ಶಾಲಾಪುಸ್ತಕಗಳನ್ನಿಟ್ಟುಕೊಂಡು ಕೂರುವ ದೊನ್ಯಾ ಅಡೆಲಾಯಿದಾಳದು. ತಾರೀಕು ಮಾರ್ಲೇನಿ, ಎಫ್ರಾಯಿನ್‌ರ ಮದುವೆಯಾದ ಮುಂದಿನ ವಾರದ್ದು.

ಸಂಜೆ ಅದನ್ನು ಮೇಜಿನ ಮೇಲಿಟ್ಟು ಹೇಳಿದಳು, "ಅತ್ತೆ, ಇದರಲ್ಲಿ ಮೊದಲಿಂದ ಶುರು ಮಾಡೋಣ. ಈ ಸಲ ಪೂಜೆ ಇಲ್ಲ, ಗಡುವು ಇಲ್ಲ. ನಿಧಾನವಾಗಿ."

ಫೌಸ್ತಿನಾ ಪುಟಗಳನ್ನು ತಿರುವಿದಳು. ಮೊದಲ ಪುಟಗಳಲ್ಲಿ ಅಚ್ಚಾದ ಅಕ್ಷರಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಸೊಟ್ಟ ಅಕ್ಷರಗಳಿದ್ದವು. ಅವಳು ಅವುಗಳ ಮೇಲೆ ಬೆರಳಿಡಲಿಲ್ಲ.

"ಬೇಡ, ಮಗಳೇ. ನಂಗಿನ್ನು ಯಾವ ಪಾಠಾನೂ ಬೇಡ. ಯಾರದೋ ಪುಸ್ತಕ ಅದು, ಕೊಟ್ಟು ಬಾ."

ಮರುದಿನ ಮಾರ್ಲೇನಿ ಮಾರುಕಟ್ಟೆಯ ಹಿಂದಕ್ಕೆ ಹೋದಳು. ದೊನ್ಯಾ ಅಡೆಲಾಯಿದಾ ಕನ್ನಡಕ ಏರಿಸಿ ಮೊಹರು ನೋಡಿದಳು. "ಅಯ್ಯೋ ದೇವರೇ, ನಾಲ್ಕು ವರ್ಷ! ಆ ವ್ಯಾನಿನ ಹುಡುಗ ಒಯ್ದಿದ್ದ. ಅಣ್ಣನ ಮಗುವಿಗೆ ಅಂದ. ಹದಿನೈದು ದಿನಕ್ಕೆ ತಂದುಕೊಡ್ತೀನಿ ಅಂದ. ನೀನು ಅವರ ಮನೆಯವಳಾ?"

"ಹೌದು."

"ಮಗು ಕಲೀತಾ?"

"ಇಲ್ಲ," ಎಂದಳು ಮಾರ್ಲೇನಿ. "ಆರನೇ ಪಾಠಕ್ಕೆ ಬಿಟ್ಟಿದೆ."

ಮುದುಕಿ ಪುಟ ತಿರುವಿ ನಾಲಿಗೆ ಲೊಚಗುಟ್ಟಿದಳು. "ಎಲ್ಲಾ ಗೀಚಿಟ್ಟಿದೆಯಲ್ಲಮ್ಮ. ಹೀಗಿದ್ರೆ ಇನ್ನೊಬ್ಬರಿಗೆ ಹೇಗೆ ಕೊಡ್ಲಿ? ಅಳಿಸಿ ತರೋದಲ್ವಾ?"

"ರಬ್ಬರ್ ಇದ್ರೆ ಕೊಡಿ. ಇಲ್ಲೇ ಅಳಿಸ್ತೀನಿ."

ಮಾರ್ಲೇನಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಮೊದಲ ಪುಟದಿಂದ ಶುರುಮಾಡಿದಳು. ತರಗತಿಯಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಕಾಗದ ಹರಿಯದಂತೆ ಒಂದೇ ದಿಕ್ಕಿಗೆ ಉಜ್ಜಿದಳು. ಎರಡನೇ ಪುಟದ ಅಕ್ಷರಗಳು ಮೊದಲ ಪುಟದವುಗಳಿಗಿಂತ ನೆಟ್ಟಗಿದ್ದವು. ನಾಲ್ಕನೆಯದರಲ್ಲಿ ತಪ್ಪು ಎರಡೇ ಇದ್ದವು. ಆರನೇ ಪುಟದಲ್ಲಿ ಅವನು ಪೆನ್ಸಿಲ್ಲನ್ನು ಎಷ್ಟು ಒತ್ತಿ ಹಿಡಿದಿದ್ದನೆಂದರೆ, ಕಪ್ಪು ಹೋದ ಮೇಲೂ ಗೀರು ಹೋಗಲಿಲ್ಲ. ಅವಳು ಅದನ್ನು ಎರಡು ಸಲ ಉಜ್ಜಿದಳು. ಮೂರನೆಯ ಸಲವೂ ಉಜ್ಜಿದಳು. ಆಮೇಲೆ ಪುಟದ ಮೇಲಿನ ಪುಡಿಯನ್ನು ಊದಿ, ಪುಸ್ತಕ ಮುಚ್ಚಿ ಮುದುಕಿಯ ಕೈಗೆ ಕೊಟ್ಟಳು.